ಧ್ವನಿ ಚೆನ್ನಾಗಿ ಕೇಳ್ತಾ ಇದೆ

ಹೊನ್ನವಳ್ಳಿ ಬಿಟ್ಟು ತಿಪಟೂರಿನ ಕಡೆ ಸ್ವಲ್ಪ ದೂರ ಬಂದು ಎಡಕ್ಕೆ ತಿರುಗಿದರೆ ಚಿಕ್ಕಗೌರಮ್ಮನ ತೋಟದ ಮನೆ. ಸುತ್ತ ತೆಂಗು ಎಷ್ಟು ಒತ್ತಾಗಿದೆಯೆಂದರೆ ಅಂಗಳಕ್ಕೆ ಕಾಲಿಡುವವರೆಗೂ ಅಲ್ಲೊಂದು ಮನೆಯಿದೆ ಅಂತ ಗೊತ್ತಾಗುವುದಿಲ್ಲ. ಸೀರಿಯಲ್ಲು ನೋಡುವುದಕ್ಕೋ ಕೊಬ್ಬರಿ ರೇಟು ತಿಳಿಯುವುದಕ್ಕೋ ಆ ಮನೆಯವರು ಇಂಟರ್ನೆಟ್ ಹಾಕಿಸಿದ್ದಲ್ಲ. ಮಗಳು ಪವಿತ್ರಳ ಮಗುವನ್ನು ಗಂಡನ ಮನೆಯಿಂದ ವಾಪಸ್ ತರುವುದಕ್ಕೆ ಹಾಕಿಸಿದರು.

ಪವಿತ್ರಳಿಗೆ ಕಿವಿ ಕೇಳುವುದಿಲ್ಲ, ಬಾಯಲ್ಲಿ ಮಾತು ಬರುವುದಿಲ್ಲ. ಎರಡನೇ ವಯಸ್ಸಿನಲ್ಲಿ ಬಂದ ಜ್ವರ ಹೋಗುವಾಗ ಕಿವಿಯನ್ನೂ ತೆಗೆದುಕೊಂಡು ಹೋಯಿತು. ತುಮಕೂರಿನ ಕಡೆ ಒಂದು ಕಿವುಡ ಮಕ್ಕಳ ಹಾಸ್ಟೆಲಿನಲ್ಲಿ ಓದಿ ಕೈಮಾತು ಕಲಿತು ಬಂದಳು. ಕೈಮಾತು ಅಂದರೆ ಸುಮ್ಮನೆ ಸನ್ನೆಯಲ್ಲ, ಅದರಲ್ಲಿ ಜಗಳ ಮಾಡಬಹುದು, ಚಾಡಿ ಹೇಳಬಹುದು, ಕನಸು ಬಿದ್ದದ್ದನ್ನು ಬಿಡಿಸಿ ಹೇಳಬಹುದು. ಮನೆಯವರು ಕಲಿತರಾ ಅಂದರೆ, ಇಲ್ಲ. ಉಣ್ಣು, ಬಾ, ಹೋಗು, ಹಸು, ನೀರು, ಮಗು, ಜ್ವರ, ಇಷ್ಟಕ್ಕೆ ಮನೆಯಲ್ಲಿ ಸನ್ನೆಗಳಿದ್ದವು. ಇಷ್ಟರಲ್ಲೇ ಅವಳ ಇಪ್ಪತ್ತೇಳು ವರ್ಷ ಕಳೆದವು. ಪವಿತ್ರ ಬಲು ಒಳ್ಳೆಯವಳು, ಯಾರ ತಂಟೆಗೂ ಹೋಗುವವಳಲ್ಲ ಅಂತ ಎಲ್ಲರೂ ಹೇಳುತ್ತಿದ್ದರು. ಅವಳು ಏನು ಹೇಳುತ್ತಾಳೆ ಅಂತಲೇ ಗೊತ್ತಿಲ್ಲದವರು ಅವಳನ್ನು ಒಳ್ಳೆಯವಳು ಅಂತ ಹೇಗೆ ತೀರ್ಮಾನ ಮಾಡಿದರೋ ನನಗೆ ಇವತ್ತಿಗೂ ಅರ್ಥವಾಗಿಲ್ಲ.

ಅವಳನ್ನು ಶೆಟ್ಟಿಕೆರೆಯ ದಯಾನಂದನಿಗೆ ಕೊಟ್ಟರು. ಅವನಿಗೆ ಕಿವಿಯೂ ಸರಿಯಿತ್ತು, ಬಾಯಿಯೂ ಸರಿಯಿತ್ತು, ಕೈಮಾತು ಕಲಿಯುವ ತಾಳ್ಮೆ ಇರಲಿಲ್ಲ. ಮಗಳು ಹುಟ್ಟಿದಳು, ನಯನ ಅಂತ ಹೆಸರಿಟ್ಟರು. ಆ ಮಗು ಬಾಯಲ್ಲಿ ಅಜ್ಜಿ ಅನ್ನುವ ಮೊದಲೇ ಕೈಯಲ್ಲಿ ಹಾಲು ಅಂದಿತು. ಅಮ್ಮನೂ ಮಗಳೂ ಜಗಲಿಯಲ್ಲಿ ಕೂತು ಗಂಟೆಗಟ್ಟಲೆ ಕೈಯಲ್ಲೇ ಹರಟುತ್ತಿದ್ದರು. ತನ್ನ ಸ್ವಂತದವರೊಬ್ಬರು ತನ್ನ ಭಾಷೆಯಲ್ಲಿ ಉತ್ತರ ಕೊಡುವುದನ್ನು ಪವಿತ್ರ ಕಂಡದ್ದು ಅದೇ ಮೊದಲು, ಅವಳ ಜೀವ ಪೂರ್ತಿ ಆ ಮಗುವಿನ ಮೇಲಿತ್ತು.

ನಯನಳಿಗೆ ಮೂರು ತುಂಬಿದ ಮೇಲೆ ಒಂದು ಬೆಳಗ್ಗೆ ಶೆಟ್ಟಿಕೆರೆಯ ಮನೆಯ ಕೊಟ್ಟಿಗೆ ಪಕ್ಕದ ನೀರಿನ ತೊಟ್ಟಿಗೆ ಬಿದ್ದಳು. ಬದುಕಿದಳು. ಊರಲ್ಲಿ ಹಬ್ಬಿದ ಸುದ್ದಿ ಮಾತ್ರ ಒಂದೇ: ಮಗು ಕಿರುಚಿಕೊಂಡರೂ ತಾಯಿಗೆ ಕೇಳಲಿಲ್ಲ, ದಯಾನಂದನ ತಾಯಿ ಓಡಿ ಬಂದು ಎತ್ತಿದಳು. ಅದಾದ ಸ್ವಲ್ಪ ದಿನಕ್ಕೆ ದಯಾನಂದ ಹೆಂಡತಿಯನ್ನು ಬೈಕಿನ ಹಿಂದೆ ಕೂರಿಸಿಕೊಂಡು ಬಂದು ಹೊನ್ನವಳ್ಳಿಯ ತೋಟದ ಮನೆಯ ಮುಂದೆ ಇಳಿಸಿದ. ಮಗು ಜೊತೆಯಲ್ಲಿರಲಿಲ್ಲ.

"ಮಗಾನ ಇವ್ಳ ಕೈಗೆ ಬುಟ್ಟು ನಾವು ಮನೇಲಿ ನಿದ್ದೆ ಮಾಡಕ್ಕಾಗಲ್ಲ ಕಣತ್ತೆ," ಅಂತ ಚಿಕ್ಕಗೌರಮ್ಮನಿಗೆ ಹೇಳಿ, ಕೊಟ್ಟ ಕಾಫಿ ಕುಡಿದು, ಹೊರಟುಹೋದ.

ಪವಿತ್ರಳ ಅಣ್ಣ ಅರುಣ್ ಕುಮಾರ್ ಕೇಸು ಹಾಕಿದ. ಅವನಿಗೆ ತಿಪಟೂರಿನಲ್ಲಿ ಪಂಪ್‌ಸೆಟ್ಟು, ಹನಿ ನೀರಾವರಿ ಪೈಪು ಮಾರುವ ಅಂಗಡಿ. ತಂಗಿ ಅಂದರೆ ಪ್ರಾಣ, ಅದರಲ್ಲಿ ಸುಳ್ಳಿಲ್ಲ. ಕೇಸು ಎರಡು ವರ್ಷ ಎಳೆಯಿತು. ಅಷ್ಟು ದಿನವೂ ಶೆಟ್ಟಿಕೆರೆಯವರು ಮಗುವಿನ ಮುಖ ತೋರಿಸಲಿಲ್ಲ. ಹೋದರೆ ಬಾಗಿಲು ಹಾಕಿಕೊಳ್ಳುತ್ತಿದ್ದರು. ತೊಟ್ಟಿಯ ಹತ್ತಿರ ಏನಾಯಿತು ಅಂತ ಬರೆದುಕೊಡು ಅಂತ ವಕೀಲರು ಪವಿತ್ರಳಿಗೆ ಒಮ್ಮೆ ಹಾಳೆ ಕೊಟ್ಟಿದ್ದರು. ಅವಳು ಬರೆದಳು. ಆದರೆ ಅವಳ ಕನ್ನಡ ಕೈಮಾತಿನ ಕ್ರಮದಲ್ಲಿ ಬರುತ್ತದೆ, ಪ್ರತ್ಯಯ ಇರುವುದಿಲ್ಲ, ಹಿಂದು ಮುಂದಾಗಿರುತ್ತದೆ. ವಕೀಲರು ಓದಿ, "ಇದನ್ನ ಹಾಕಿದ್ರೆ ಬುದ್ಧಿನೂ ಸರಿ ಇಲ್ಲ ಅಂತಾರೆ, ಬೇಡ," ಅಂತ ಮಡಿಸಿಟ್ಟರು.

ಕೊನೆಗೆ ಕೋರ್ಟು ಒಂದು ದಾರಿ ಮಾಡಿತು. ಅನಿತಾ ಅನ್ನುವ ಆಪ್ತಸಮಾಲೋಚಕಿ ಬೆಂಗಳೂರಿನಿಂದ ವಿಡಿಯೋದಲ್ಲಿ ಪವಿತ್ರಳ ಜೊತೆ ಮಾತಾಡುತ್ತಾರೆ, ಪಕ್ಕದಲ್ಲಿ ಕೈಮಾತು ಬಲ್ಲ ಅನುವಾದಕಿ ಇರುತ್ತಾರೆ. ಮಗು ಎಲ್ಲಿ ಮಲಗುತ್ತದೆ, ಅಡುಗೆಮನೆ ಎಲ್ಲಿದೆ, ಬಾವಿ ತೊಟ್ಟಿ ಎಲ್ಲಿವೆ ಅಂತ ಮನೆಯನ್ನೂ ನೋಡಬೇಕು, ಹಾಗಾಗಿ ಮನೆಯಿಂದಲೇ ಮಾತಾಡಬೇಕು. ಅವರು ಕೊಡುವ ವರದಿಯ ಮೇಲೆ ಮಗು ಯಾರ ಹತ್ತಿರ ಅನ್ನುವುದು ನಿಂತಿದೆ ಅಂತ ವಕೀಲರು ಸ್ಪಷ್ಟವಾಗಿ ಹೇಳಿದರು. ಇಷ್ಟು ವರ್ಷದಲ್ಲಿ ಮೊದಲ ಸಲ ಪವಿತ್ರಳ ಮಾತನ್ನು ಮಾತಾಗಿ ತೆಗೆದುಕೊಳ್ಳುವ ಒಬ್ಬರು ಕೂರುತ್ತಿದ್ದರು.

ಹೊನ್ನವಳ್ಳಿ ಸುತ್ತಮುತ್ತ ನೆಟ್ ಹಾಕುವ ಜ್ಞಾನೇಶ ಅರುಣನ ಜೊತೆ ಹೈಸ್ಕೂಲು ಓದಿದವನು. ಅವನು ತೋಟಕ್ಕೆ ಬಂದು ಮಾಳಿಗೆ ಹತ್ತಿ ಸುತ್ತಲೂ ನೋಡಿ ಇಳಿದ.

"ನೋಡ್ಲಾ ಅರುಣ," ಅಂದ. "ನಿನ್ ಮೊಬೈಲ್ ಸಿಮ್ ನೆಟ್ಟು ಈ ತೋಟದಾಗೆ ಕೆಲ್ಸಕ್ಕೆ ಬರಲ್ಲ, ಅದ್ ನಿಂಗೂ ಗೊತ್ತು. ಪ್ಯಾಟೇಲಿ ಕೇಬಲ್ ಟೀವಿ ವೈರಲ್ಲೇ ನೆಟ್ ಕೊಡ್ತಾರೆ, ಅದು ಇಲ್ಲಿಗಂಟ ಬಂದಿಲ್ಲ. ಉಳಿದಿದ್ದು ಎರಡು. ಒಂದು ಮಾಳಿಗೆ ಮ್ಯಾಲೆ ಡಬ್ಬ ಕೂರ್ಸದು, ಟವರಿಂದ ಗಾಳೀಲಿ ತಗೊಂತೈತೆ. ಇನ್ನೊಂದು ಫೈಬರ್ರು. ಗಾಜಿನ ಎಳೆ, ರಸ್ತೆ ಕಂಬದಿಂದ ಮನೇಗೆ ಎಳೀಬೇಕು."

"ಸ್ಪೀಡ್ ಎಷ್ಟಪ್ಪ?"

"ಅದಕ್ಕೂ ನೂರು, ಇದಕ್ಕೂ ನೂರು."

"ಅಲ್ಲಿಗೆ ಎರಡೂ ಒಂದೇ."

"ಒಂದೇ ಅಲ್ಲ ಕಣ್ಲಾ. ನೂರು ಅಂತ ಕಂಪ್ನಿಯೋರು ಹೇಳೋದು ಅಲ್ಲಿಂದ ನಿನ್ ಮನೇಗೆ ಇಳಿಯೋದು. ನಿನ್ ಮನೆಯಿಂದ ಅಲ್ಲಿಗೆ ಹೋಗೋದು ಬ್ಯಾರೆ, ಅದಕ್ಕೆ ಅಪ್‌ಲೋಡ್ ಅಂತಾರೆ. ಫೈಬರ್ರಲ್ಲಿ ಹೋಗೋದೂ ನೂರೇ. ಡಬ್ಬದಲ್ಲಿ ಹೋಗೋದು ಕಮ್ಮಿ, ಈ ಗರಿ ಮಧ್ಯೆ ಇನ್ನೂ ಕಮ್ಮಿ. ಟವರು ಮೈಕಲ್ಲಿ ಕೂಗ್ದಂಗೆ, ತೋಟ ದಾಟಿ ಬತ್ತೈತೆ. ನಿನ್ ಡಬ್ಬ ತಿರುಗಿ ಬರೀ ಬಾಯಲ್ಲಿ ಕೂಗ್ಬೇಕು. ವಿಡಿಯೋದಾಗೆ ನಿಮ್ಮೋರು ಅವ್ರಿಗೆ ಕಾಣ್ಬೇಕು ಅಂದ್ರೆ ಫೈಬರ್ರೇ ಹಾಕ್ಸು."

"ಎಲ್ಲಿಂದ ಎಳೀತೀಯ?"

ಜ್ಞಾನೇಶ ಬೇಲಿಯ ಕಡೆ ಕೈ ತೋರಿಸಿದ. "ಲಕ್ಕಯ್ಯನ ತೋಟದ ಮ್ಯಾಲೆ. ಅವ್ರ ಎಂಟತ್ತು ಮರಕ್ಕೆ ಕಟ್ಕೊಂಡ್ ಬಂದ್ರೆ ಮುಗೀತು. ಬ್ಯಾರೆ ದಾರಿ ಇಲ್ಲ."

ಅರುಣನ ಮುಖ ಬಿಗಿಯಿತು. ಪಕ್ಕದ ತೋಟದ ಲಕ್ಕಯ್ಯನಿಗೂ ಇವರಿಗೂ ಬದುವಿನ ಮೇಲಿನ ಒಂದು ತೆಂಗಿನ ಮರದ ವಿಷಯಕ್ಕೆ ಮಾತು ನಿಂತು ಬಹಳ ಕಾಲವಾಗಿತ್ತು. ಮರ ವಾಲಿದ್ದು ಲಕ್ಕಯ್ಯನ ಕಡೆಗೆ, ಬುಡ ಇದ್ದದ್ದು ಇವರ ಕಡೆಗೆ, ಕಾಯಿ ಯಾರದು ಅನ್ನುವುದು ಜಗಳ. ಅರುಣನ ಅಪ್ಪ ಸತ್ತಾಗಲೂ ಲಕ್ಕಯ್ಯ ಬೇಲಿಯಾಚೆ ನಿಂತು ನೋಡಿ ಹೋದನೇ ಹೊರತು ಅಂಗಳಕ್ಕೆ ಬರಲಿಲ್ಲ.

"ಆ ವಯ್ಯನ ಮುಂದೆ ಹೋಗಿ ನಾನು ಕೈ ಕಟ್ಕೊಂಡ್ ನಿಂತ್ಕಬೇಕಾ? ಡಬ್ಬನೇ ಹಾಕು. ನೂರು ಐತಲ್ಲ, ಸಾಕು," ಅಂದ ಅರುಣ.

ನೋಡಿ, ಈ ಅರುಣ ಅಂಗಡಿಯಲ್ಲಿ ಕೂತರೆ ಗಿರಾಕಿಗಳಿಗೆ ಪಾಠ ಮಾಡುವವನು. ಮೋಟಾರು ಎಷ್ಟು ನೀರು ಕೊಡುತ್ತದೆ ಅಂತಷ್ಟೇ ಕೇಳಬೇಡಿ, ಎಷ್ಟು ಎತ್ತರಕ್ಕೆ ಎತ್ತುತ್ತದೆ ಅದನ್ನು ಕೇಳಿ, ಇಳಿಯುವ ನೀರಿಗೆ ಯಾವ ಪೈಪಾದರೂ ನಡೆಯುತ್ತದೆ ಅಂತ ದಿನಕ್ಕೆ ನಾಲ್ಕು ಸಲ ಹೇಳುವವನು. ಸ್ವಂತ ಮನೆಗೆ ಬಂದಾಗ ಆ ವಿದ್ಯೆ ಎಲ್ಲಿ ಹೋಯಿತೋ. ಕಾಯಿಜಗಳ ತಲೆಗೆ ಏರಿದರೆ ನಮ್ಮ ಕಡೆಯವರಿಗೆ ಬೇರೇನೂ ಕಾಣುವುದಿಲ್ಲ.

ಡಬ್ಬ ಬಂತು. ಮಾಳಿಗೆಯ ಮೂಲೆಯಲ್ಲಿ, ಗರಿಗಳ ನಡುವೆ, ಬಿಳೀ ಡಬ್ಬ. ಟೀವಿಯಲ್ಲಿ ಸಿನಿಮಾ ಒಂದು ಸಲವೂ ನಿಲ್ಲದೆ ಓಡಿತು. ಚಿಕ್ಕಗೌರಮ್ಮ ಧರ್ಮಸ್ಥಳದ ದೀಪೋತ್ಸವ ನೋಡಿ ಕೈ ಮುಗಿದಳು. ಅರುಣ ತಿಪಟೂರಿನ ಅಂಗಡಿಯಿಂದ ಮನೆಗೆ ವಿಡಿಯೋ ಕಾಲ್ ಮಾಡಿ ಪರೀಕ್ಷೆ ಮಾಡಿದ.

"ಅಮ್ಮ, ಹಲೋ ಹಲೋ. ಕೇಳುಸ್ತೈತಾ?"

"ಕೇಳುಸ್ತೈತೆ ಕಣ್ಲಾ ಅರುಣ. ನಂದು ಕೇಳುಸ್ತಾ?"

"ಗಂಟೆ ಹೊಡ್ದಂಗೆ ಕೇಳುಸ್ತೈತೆ. ನೆಟ್ ಭರ್ಜರಿಯಾಗೈತೆ ಬುಡಮ್ಮ."

ಪರೀಕ್ಷೆ ಅಷ್ಟೇ. ಚಿಕ್ಕಗೌರಮ್ಮ ಫೋನಿನ ಮುಂದೆ ಕೂತರೆ ಕೊರಡಿನಂತೆ ಕೂರುವವಳು, ಫೋಟೋ ತೆಗೆಸಿಕೊಳ್ಳುವವಳ ಹಾಗೆ ಉಸಿರು ಬಿಗಿ ಹಿಡಿದು. ಅವಳ ಚಿತ್ರ ನಿಂತುಹೋಗಿದೆಯೋ ಇಲ್ಲವೋ ಅಂತ ಯಾರಿಗೂ ತಿಳಿಯುವ ಹಾಗಿರಲಿಲ್ಲ. ಧ್ವನಿ ಹೋಗುವುದಕ್ಕೆ ಎಳೆಯಷ್ಟು ದಾರಿ ಸಾಕು, ಕೈ ಹೋಗುವುದಕ್ಕೆ ಸಾಲದು. ಕಿವಿ ಕೇಳದವಳಿಗಾಗಿ ಹಾಕಿಸಿದ ನೆಟ್ಟನ್ನು ಆ ಮನೆಯವರು ಹಲೋ ಹಲೋ ಅಂತ ಕೂಗಿ ಸರಿಯಿದೆ ಅಂದರು. ನನಗೆ ಈ ಕಥೆಯಲ್ಲಿ ಎಲ್ಲಕ್ಕಿಂತ ಹೊಟ್ಟೆ ಉರಿಯುವುದು ಇಲ್ಲಿ.

ಪವಿತ್ರ ಸುಮ್ಮನಿರಲಿಲ್ಲ. ಹಾಸ್ಟೆಲಿನ ಗೆಳತಿಯೊಬ್ಬಳಿಗೆ ವಿಡಿಯೋ ಕಾಲ್ ಮಾಡಿದಳು. ಗೆಳತಿ ಕಂಡಳು, ಚೆನ್ನಾಗಿ ಕಂಡಳು, ಅವಳ ಬೆರಳಿನ ಉಗುರುಬಣ್ಣ ಕೂಡ ಕಂಡಿತು. ಆದರೆ ಗೆಳತಿ ಮತ್ತೆ ಮತ್ತೆ "ಏನು? ಇನ್ನೊಮ್ಮೆ" ಅನ್ನುತ್ತಿದ್ದಳು. ಆಮೇಲೆ ತನಗೆ ಕಂಡದ್ದನ್ನು ಫೋಟೋ ತೆಗೆದು ಕಳಿಸಿದಳು. ಅದರಲ್ಲಿ ಪವಿತ್ರಳ ಮುಖ ಇತ್ತು, ಕೈಗಳಿರಬೇಕಾದ ಕಡೆ ಕಲಸಿದ ಹಿಟ್ಟಿನಂಥದ್ದು ಏನೋ ಇತ್ತು.

ಆ ಫೋಟೋ ಹಿಡಿದುಕೊಂಡು ಅಣ್ಣನ ಹತ್ತಿರ ಬಂದಳು. ಫೋನ್ ತೋರಿಸಿದಳು, ತನ್ನ ಕೈ ತೋರಿಸಿದಳು, ಇಲ್ಲ ಅಂತ ತಲೆಯಾಡಿಸಿದಳು. ಅರುಣನಿಗೆ ಅವಳು ಹೆದರಿದ್ದಾಳೆ ಅನ್ನಿಸಿತು. ಸ್ಪೀಡ್ ಅಳೆಯುವ ಆ್ಯಪ್ ತೆಗೆದು ಒತ್ತಿ, ಮುಳ್ಳು ಸರ್ರನೆ ಏರಿ ತೊಂಬತ್ತೆರಡಕ್ಕೆ ನಿಂತಾಗ ಪರದೆಯನ್ನು ಅವಳ ಮುಖದ ಮುಂದೆ ಹಿಡಿದ. ಪವಿತ್ರ ಆ ದೊಡ್ಡ ಅಂಕಿಯನ್ನು ನೋಡಲಿಲ್ಲ. ಅದರ ಪಕ್ಕದಲ್ಲಿ, ಮೇಲ್ಮುಖದ ಬಾಣದ ಗುರುತಿನ ಹತ್ತಿರ ಇದ್ದ ಸಣ್ಣ ಅಂಕಿಯ ಮೇಲೆ ಬೆರಳಿಟ್ಟಳು. ಅದು ಒಂದನ್ನೂ ಮುಟ್ಟಿರಲಿಲ್ಲ. ಬೆರಳು ತೆಗೆಯದೆ ಅಣ್ಣನ ಮುಖ ನೋಡಿದಳು.

"ಅದು ಬ್ಯಾರೆ ಲೆಕ್ಕ, ಬುಡವ್ವ," ಅಂತ ಅರುಣ ಅವಳ ತಲೆ ನೇವರಿಸಿದ. ಅವಳಿಗೆ ಬೇಕಾಗಿದ್ದು ನೇವರಿಕೆ ಆಗಿರಲಿಲ್ಲ.

ಮಾತುಕತೆಯ ದಿನ ಬೆಳಗ್ಗೆ ಪವಿತ್ರ ಹೂವಿಲ್ಲದ, ಅಂಚಿಲ್ಲದ ನೀಲಿ ಚೂಡಿದಾರ ಹಾಕಿಕೊಂಡಳು. ಹಿಂದಿನ ಗೋಡೆಗೆ ಬಿಳೀ ಬೆಡ್‌ಶೀಟು ಕಟ್ಟಿದಳು, ಕೈಗಳು ಎದ್ದು ಕಾಣಲಿ ಅಂತ. ಬಳೆ ತೆಗೆದಿಟ್ಟಳು. ಚಿಕ್ಕಗೌರಮ್ಮ ಗದರಿದಳು, "ಗಂಡ ಇರೋ ಹೆಂಗ್ಸು ಬರಿಗೈಲಿ ಕೂರ್ತಾಳಂತಾ?" ಮಗಳಿಗೆ ಕೇಳಲಿಲ್ಲ, ತಾಯಿಯ ಮುಖ ನೋಡಿ ಅರ್ಥವಾಯಿತು, ಆದರೂ ಬಳೆ ಹಾಕಲಿಲ್ಲ.

ಪರದೆ ತೆರೆಯಿತು. ಅನಿತಾ ಮೇಡಂ ಕನ್ನಡಕ ಹಾಕಿಕೊಂಡ ಶಾಂತ ಮುಖದ ಹೆಂಗಸು. ಪಕ್ಕದಲ್ಲಿ ಕಪ್ಪು ಬಟ್ಟೆಯ ಅನುವಾದಕಿ. ಅನುವಾದಕಿ ಕೈಯೆತ್ತಿ ನಮಸ್ಕಾರ ಹೇಳಿ, ಹೆಸರೇನು ಅಂತ ಕೇಳಿದಾಗ ಪವಿತ್ರಳ ಕಣ್ಣು ತುಂಬಿತು. ಅಷ್ಟು ಚೆನ್ನಾಗಿ ಕಾಣುತ್ತಿತ್ತು. ಹೆಸರು ಹೇಳಿದಳು. ಅನುವಾದಕಿ ಕಣ್ಣು ಕಿರಿದು ಮಾಡಿ, ಮುಂದಕ್ಕೆ ಬಾಗಿ, ಇನ್ನೊಮ್ಮೆ ಅಂದಳು. ಪವಿತ್ರ ಇನ್ನೊಮ್ಮೆ ಹೇಳಿದಳು. ಮತ್ತೆ ಇನ್ನೊಮ್ಮೆ.

"ಮೇಡಂ, ಕೇಳುಸ್ತಾ ಇದೆಯಾ?" ಅಂದ ಅರುಣ, ತಂಗಿಯ ಪಕ್ಕದಿಂದ ತಲೆ ತೂರಿಸಿ.

"ನಿಮ್ಮ ಧ್ವನಿ ಚೆನ್ನಾಗಿ ಕೇಳ್ತಾ ಇದೆ," ಅಂದರು ಅನಿತಾ ಮೇಡಂ. "ಆದ್ರೆ ಅವರ ಚಿತ್ರ ನಿಂತು ನಿಂತು ಬರ್ತಿದೆ. ಕೈ ಗೊತ್ತಾಗ್ತಿಲ್ಲ."

ಅರುಣ ಹೊರಗೆ ಹೋಗಿ ಡಬ್ಬದ ಸ್ವಿಚ್ಚು ಆರಿಸಿ ಹಾಕಿದ. ಫೋನನ್ನು ಕಿಟಕಿಯ ಹತ್ತಿರ ಇಟ್ಟ, ಜಗಲಿಗೆ ತಂದ. ಗಾಳಿಗೆ ಗರಿಗಳು ತೂಗುತ್ತಿದ್ದವು. ಜಗಲಿಯಲ್ಲಿ ಒಂದೆರಡು ಕ್ಷಣ ಕೈ ಕಂಡಿತಂತೆ, ಮತ್ತೆ ನಿಂತಿತಂತೆ.

ಅನಿತಾ ಮೇಡಂ ಕೆಟ್ಟವರಲ್ಲ. "ಇನ್ನೊಂದು ದಿನ ಇಟ್ಕೊಳ್ಳೋಣ. ಅವರನ್ನೇ ಇಲ್ಲಿಗೆ ಕರ್ಕೊಂಡು ಬನ್ನಿ, ಮನೇನ ಆಮೇಲೆ ನೋಡೋಣ. ಕೋರ್ಟಿಂದ ಬೇರೆ ದಿನಾಂಕ ಕೇಳ್ಬೇಕಾಗುತ್ತೆ ಅಷ್ಟೇ," ಅಂದರು.

ಬೇರೆ ದಿನಾಂಕ ಅನ್ನುವ ಮಾತು ಕೇಳಿದ್ದೇ ಅರುಣ ಪರದೆಯ ಮುಂದಕ್ಕೆ ಬಂದ. ಒಂದೊಂದು ದಿನಾಂಕಕ್ಕೂ ಎಷ್ಟೆಷ್ಟು ತಿಂಗಳು ಕಾದಿದ್ದ ಅಂತ ಅವನಿಗೇ ಗೊತ್ತು.

"ಬೇಡ ಮೇಡಂ. ನೀವು ಕೇಳೋದು ಅವ್ಳಿಗೆ ಕಾಣ್ತಾ ಐತೆ. ಉತ್ರ ನಾನ್ ಹೇಳ್ತೀನಿ. ನನ್ ತಂಗಿ ಕಣ್ರೀ, ಅವ್ಳ ಮನಸಲ್ಲಿರೋದು ನಂಗೊತ್ತಿಲ್ವಾ?"

ಅನಿತಾ ಮೇಡಂ ಸ್ವಲ್ಪ ಯೋಚಿಸಿ ಆಗಲಿ ಅಂದರು. ಉತ್ತರ ನಿಮ್ಮ ಅಣ್ಣ ಹೇಳುತ್ತಾರೆ ಅಂತ ಅನುವಾದಕಿ ಪವಿತ್ರಳಿಗೆ ತಿಳಿಸಿದಳು, ಆಮೇಲೆ ಅವಳು ಕೈಯಲ್ಲಿ ಹೇಳಿದ್ದು ಪ್ರಶ್ನೆಗಳನ್ನಷ್ಟೇ.

ಮೊದಲ ಪ್ರಶ್ನೆ: ರಾತ್ರಿ ಮಗು ಅತ್ತರೆ ನಿಮಗೆ ಹೇಗೆ ಗೊತ್ತಾಗುತ್ತದೆ?

ಪವಿತ್ರ ಹೇಳಿದ್ದನ್ನು ನಾನು ಇಲ್ಲಿ ಬರೆಯುತ್ತೇನೆ, ಅಲ್ಲಿ ಅದು ಯಾರಿಗೂ ತಲುಪಲಿಲ್ಲವಾದ್ದರಿಂದ. ಅವಳು ಹೇಳಿದಳು: ಮಗುವಿನ ಉಡಿದಾರಕ್ಕೆ ಒಂದು ಮೆತ್ತನೆಯ ದಾರ ಕಟ್ಟಿ, ಅದರ ಇನ್ನೊಂದು ತುದಿಯನ್ನು ನನ್ನ ಮಣಿಕಟ್ಟಿಗೆ ಕಟ್ಟಿಕೊಂಡು ಮಲಗುತ್ತಿದ್ದೆ. ಅವಳು ಹೊರಳಿದರೂ ನನಗೆ ಎಚ್ಚರ. ಅಳುವುದಕ್ಕೆ ಮೊದಲೇ ಎದ್ದಿರುತ್ತಿದ್ದೆ. ಮನೆಯಲ್ಲಿ ಉಳಿದವರು ಅತ್ತ ಮೇಲೆ ಏಳುತ್ತಿದ್ದರು.

ಅರುಣ ಅವಳ ಕೈ ಮಣಿಕಟ್ಟಿನ ಸುತ್ತ ಓಡಿದ್ದನ್ನು ನೋಡಿದ. ಬಳೆಯ ವಿಷಯವೇನೋ ಅಂದುಕೊಂಡ.

"ಅಮ್ಮ ಇದಾರಲ್ಲ ಮೇಡಂ," ಅಂದ. "ನಾನಿದೀನಿ. ರಾತ್ರಿ ಹೊತ್ತು ಮಗಾನ ಅಮ್ಮನ ಪಕ್ಕ ಮಲಗುಸ್ತೀವಿ. ಇವ್ಳಿಗೆ ಗೊತ್ತಾಗೋ ಅವಶ್ಯಕತೆನೇ ಬರಲ್ಲ."

ಅನಿತಾ ಮೇಡಂ ಬರೆದುಕೊಂಡರು.

ಎರಡನೆಯದು: ತೊಟ್ಟಿಗೆ ಬಿದ್ದ ದಿನ ಏನಾಯಿತು?

ಪವಿತ್ರ ಎದ್ದು ನಿಂತು ಹೇಳಿದಳು. ಎರಡು ವರ್ಷದಿಂದ ಹೇಳಬೇಕಾಗಿದ್ದದ್ದು. ಅವತ್ತು ಹಿತ್ತಲಲ್ಲಿ ಗರಿ ಸೀಳಿ ಪೊರಕೆಕಡ್ಡಿ ತೆಗೆಯುತ್ತಿದ್ದೆ. ಮೇಯುತ್ತಿದ್ದ ಹಸು ತಟ್ಟನೆ ತಲೆಯೆತ್ತಿ ಎರಡೂ ಕಿವಿಗಳನ್ನು ತೊಟ್ಟಿಯ ಕಡೆ ತಿರುಗಿಸಿತು. ನನಗೆ ಕಿವಿ ಇಲ್ಲ, ಹಾಗಾಗಿ ನಾನು ಹಸುವಿನ ಕಿವಿ ನೋಡುತ್ತಿರುತ್ತೇನೆ. ಓಡಿದೆ. ನಯನಳ ಕೂದಲು ನೀರಿನ ಮೇಲಿತ್ತು. ನಾನೇ ಇಳಿದು ಎತ್ತಿದೆ. ಬೆನ್ನು ತಟ್ಟಿ ನೀರು ಕಕ್ಕಿಸಿದ್ದು ನಾನು. ಅತ್ತೆ ಒಳಗೆ ಫೋನಿನಲ್ಲಿದ್ದರು. ಆಮೇಲೆ ಬಂದು ನನ್ನ ತೋಳಿನಿಂದ ಮಗುವನ್ನು ಕಿತ್ತುಕೊಂಡು ಬೀದಿಗೆ ಹೋಗಿ ಕೂಗಿದರು. ಬೀದಿಯವರು ನೋಡಿದ್ದು ಅಷ್ಟನ್ನೇ. ನನ್ನ ಸೀರೆ ಎದೆತನಕ ಒದ್ದೆಯಾಗಿತ್ತು. ಅತ್ತೆಯ ಸೀರೆಯ ನೆರಿಗೆಗೆ ನೀರು ತಾಕಿರಲಿಲ್ಲ. ಅದನ್ನು ಯಾರೂ ನೋಡಲಿಲ್ಲ.

ಅವಳ ಕೈಗಳು ನಿಂತಾಗ ಉಸಿರು ಏರಿತ್ತು. ಬೆಂಗಳೂರಿನ ಪರದೆಯಲ್ಲಿ ಅಷ್ಟು ಹೊತ್ತೂ ಇದ್ದದ್ದು, ಕುರ್ಚಿಯಿಂದ ಅರ್ಧ ಎದ್ದು ಬಾಯಿ ತೆರೆದ ಒಬ್ಬ ಹೆಂಗಸಿನ ನಿಂತ ಚಿತ್ರ.

ಅರುಣ ಕಣ್ಣು ಒರೆಸಿಕೊಂಡ. ತಂಗಿ ಇಷ್ಟೊಂದು ಒದ್ದಾಡುವುದನ್ನು ಅವನು ಯಾವತ್ತೂ ನೋಡಿರಲಿಲ್ಲ.

"ಪಾಪ, ಅವ್ಳಿಗೆ ಕೇಳುಸ್ಲಿಲ್ಲ ಮೇಡಂ," ಅಂದ. "ಬೇಕೂ ಅಂತ ಮಾಡಿದ್ದಲ್ಲ. ಕಿವಿ ಇಲ್ದೋಳು ಏನ್ ಮಾಡ್ತಾಳೆ ಹೇಳಿ. ಅದೊಂದು ತಪ್ಪನ್ನ ದೊಡ್ಡದು ಮಾಡಿ ತಾಯಿ ಮಗಳನ್ನ ಬೇರೆ ಮಾಡ್ಬಾರ್ದು."

ಪ್ರೀತಿಯಿಂದಲೇ ಹೇಳಿದ. ಅವಳ ಎದುರು ಕಡೆಯ ವಕೀಲ ಎಷ್ಟು ಹೆಣಗಿದರೂ ಸಾಬೀತು ಮಾಡಲಾಗದೆ ಇದ್ದದ್ದನ್ನು ಅವಳ ಅಣ್ಣನೇ ಕಣ್ಣೀರು ಒರೆಸಿಕೊಂಡು ಒಪ್ಪಿಕೊಟ್ಟ. ವಕೀಲರಿಗೆ ತಾನು ಬರೆದುಕೊಟ್ಟ ಹಾಳೆಯನ್ನು ಅಣ್ಣ ಓದಿದ್ದಾನೆ ಅಂತಲೇ ಪವಿತ್ರ ನಂಬಿದ್ದಳು. ಮಾತುಕತೆ ಮುಗಿದ ಮೇಲೆ ಅವನ ತೋಳು ಹಿಡಿದು, ಹೇಳಿದೆಯಾ ಅನ್ನುವ ಹಾಗೆ ಮುಖ ನೋಡಿದಳು. ಅವನು ಎಲ್ಲಾ ಹೇಳಿದೆ ಅಂತ ತಲೆಯಾಡಿಸಿದ. ಅವಳು ಅವತ್ತು ಎರಡು ಮುದ್ದೆ ಉಂಡಳು.

ಆದೇಶ ಬಂದಾಗ ಬೇಸಿಗೆ. ವಕೀಲರು ಅರುಣನ ಅಂಗಡಿಗೆ ಫೋನ್ ಮಾಡಿದರು. ಮಗು ತಂದೆಯ ಹತ್ತಿರವೇ ಇರಲಿ. ತಾಯಿ ಭಾನುವಾರ ವಿಡಿಯೋದಲ್ಲಿ ನೋಡಬಹುದು.

"ಯಾಕಂತೆ ಸಾರ್?"

"ಮಗುವಿನ ಆರೈಕೆಗೆ ತಾಯಿ ಬೇರೆಯವರನ್ನೇ ನೆಚ್ಚಿಕೊಂಡಿದಾರೆ, ತೊಟ್ಟಿ ವಿಷಯದಲ್ಲಿ ಅಜಾಗರೂಕತೆ ಆಗಿದ್ದು ನಿಜ, ಎರಡನ್ನೂ ಅವರ ಅಣ್ಣನೇ ಒಪ್ಪಿದಾರೆ ಅಂತ ವರದಿಲಿದೆ. ತಾಯಿ ಚಿತ್ರ ಸರಿಯಾಗಿ ಬರ್ತಿರಲಿಲ್ಲ ಅಂತಾನೂ ಬರೆದಿದಾರೆ. ಅರುಣ್, ಅಪೀಲು ಹೋಗ್ಬೋದು. ಆದ್ರೆ ನಿಮ್ಮ ಮಾತೇ ನಿಮಗೆ ಅಡ್ಡ ಬರುತ್ತೆ."

ಅರುಣ ಅಂಗಡಿಯ ಶೆಟರು ಎಳೆದು ಒಳಗೆ ಪೈಪಿನ ಸುರುಳಿಗಳ ಮಧ್ಯೆ ಕೂತು ಅತ್ತ. ಆಮೇಲೆ ಬೈಕು ಹತ್ತಿ ಸೀದಾ ಲಕ್ಕಯ್ಯನ ಮನೆಗೆ ಹೋದ. ಮುದುಕ ಕಣದಲ್ಲಿ ಕಾಯಿ ರಾಶಿಯ ಪಕ್ಕ ಕೂತಿದ್ದ. ಅರುಣ ಚಪ್ಪಲಿ ಬಿಟ್ಟು ಮುಂದೆ ನಿಂತ.

"ಲಕ್ಕಯ್ಯ ಮಾವ, ನಿಮ್ಮ ತೋಟದ ಮ್ಯಾಲೆ ಒಂದು ವೈರ್ ಎಳ್ಸಬೇಕಿತ್ತು. ಪವಿತ್ರಂಗೆ."

"ಎಳ್ಕಳಪ್ಪ," ಅಂದ ಲಕ್ಕಯ್ಯ. "ಮರ ಏನ್ ಸವೀತವಾ? ಆ ಮಗೀಗೆ ಅಂದಿದ್ರೆ ಹೋದ ವರ್ಷವೇ ಹೂಂ ಅಂತಿದ್ನಲ್ಲ. ನಮ್ ಜಗಳ ಕಾಯಿಂದು ಕಣಪ್ಪ, ಹೆಣ್ ಮಗೀಂದಾ?"

ಅರುಣನಿಗೆ ನೆಲ ಬಾಯಿ ಬಿಡಬಾರದೇ ಅನ್ನಿಸಿತು.

ಫೈಬರ್ ಬಂತು. ಲಕ್ಕಯ್ಯನ ಮರಗಳಿಗೆ ಕಟ್ಟಿಕೊಂಡು, ಬೇಲಿ ದಾಟಿ, ಕಿಟಕಿಯ ಮೂಲೆಯಿಂದ ಒಳಕ್ಕೆ. ಈ ಸಲ ಅರುಣ ಹಲೋ ಅನ್ನಲಿಲ್ಲ. ಎರಡೂ ಅಂಕಿ ನೋಡಿದ. ಇಳಿಯುವುದು ನೂರು, ಹೋಗುವುದೂ ನೂರು. ಜ್ಞಾನೇಶನನ್ನು ಊರಿನ ಅಂಗಡಿಯಲ್ಲಿ ಕೂರಿಸಿ, ಪವಿತ್ರಳಿಂದ ಬೆರಳು ಎಣಿಸಿ ತೋರಿಸಿ, ಎಷ್ಟು ಕಂಡಿತು ಅಂತ ಕೇಳಿ, ಸರಿಯಾಗಿದೆ ಅಂದ ಮೇಲೆ ಸುಮ್ಮನಾದ.

ಭಾನುವಾರ ಪವಿತ್ರ ಅದೇ ನೀಲಿ ಬಟ್ಟೆ ಹಾಕಿಕೊಂಡು ಕೂತಳು. ಆದೇಶದಲ್ಲಿ ಏನಿದೆ ಅಂತ ಮನೆಯಲ್ಲಿ ಯಾರೂ ಅವಳಿಗೆ ತಿಳಿಸಿರಲಿಲ್ಲ. ಪಕ್ಕದಲ್ಲಿ ಅರುಣ, ಹಿಂದೆ ಚಿಕ್ಕಗೌರಮ್ಮ. ಪರದೆಯಲ್ಲಿ ಶೆಟ್ಟಿಕೆರೆಯ ಜಗಲಿ ತೆರೆಯಿತು. ನಯನ ಉದ್ದವಾಗಿದ್ದಳು, ಎರಡು ಜಡೆ ಹಾಕಿದ್ದರು, ಮುಂದಿನ ಹಲ್ಲೊಂದು ಬಿದ್ದಿತ್ತು. ಅಜ್ಜಿ ಹಿಂದೆ ಕೂತಿದ್ದಳು.

ಪವಿತ್ರಳ ಕೈಗಳು ಏಳುವುದಕ್ಕೆ ಸ್ವಲ್ಪ ಹೊತ್ತು ಬೇಕಾಯಿತು. ಆಮೇಲೆ ಎದ್ದವು. ಒಂದೊಂದು ಬೆರಳೂ ಬಿಡಿ ಬಿಡಿಯಾಗಿ, ತಡೆಯಿಲ್ಲದೆ ಶೆಟ್ಟಿಕೆರೆಗೆ ತಲುಪಿತು. ಮಗು ಆ ಕೈಗಳನ್ನೇ ನೋಡಿತು. ಗುರುತಿನ ಮನೆಯ ಬಾಗಿಲ ಮುಂದೆ ನಿಂತು ಒಳಗೆ ಹೋಗುವುದು ಹೇಗೆ ಅಂತ ಮರೆತವರ ಹಾಗೆ ನೋಡಿತು. ಅದರ ಬಲಗೈ ತೊಡೆಯ ಮೇಲಿಂದ ಸ್ವಲ್ಪ ಎದ್ದಿತು. ಅಜ್ಜಿ ಹಿಂದಿನಿಂದ ಅದರ ಮೇಲೆ ಮೆಲ್ಲಗೆ ತಟ್ಟಿದಳು, "ಬಾಯಲ್ಲಿ ಮಾತಾಡು." ಕೈ ಕೆಳಗಿಳಿಯಿತು. ಎರಡು ವರ್ಷ ತಟ್ಟಿಸಿಕೊಂಡ ಕೈ ಅದು.

"ಮಾವಾ," ಅಂದಿತು ಮಗು, ಅರುಣನ ಕಡೆ ತಿರುಗಿ. "ಅಮ್ಮ ಏನಂತಾವ್ಳೆ?"

ಅರುಣ ತಂಗಿಯ ಕೈ ನೋಡಿದ. ಅವು ಅದೇ ಮಾತನ್ನು ಮತ್ತೆ ಹೇಳುತ್ತಿದ್ದವು, ನಿಧಾನವಾಗಿ. ಚಿತ್ರ ಎಲ್ಲೂ ನಿಲ್ಲುತ್ತಿರಲಿಲ್ಲ. ಅವನಿಗೆ ಒಂದಕ್ಷರವೂ ಗೊತ್ತಾಗಲಿಲ್ಲ. ಮಗು ಉತ್ತರಕ್ಕೆ ಕಾಯುತ್ತಿತ್ತು, ಸುಮ್ಮನಿದ್ದರೆ ಎದ್ದು ಹೋಗುತ್ತದೇನೋ ಅಂತ ಅವನಿಗೆ ಗಾಬರಿಯಾಯಿತು.

"ಊಟ ಆಯ್ತಾ ಅಂತ ಕೇಳ್ತಾವ್ಳೆ ಕಣಮ್ಮ," ಅಂದ.

ನಯನ ಅಮ್ಮನ ಕಡೆ ತಿರುಗಿ ಹೌದು ಅಂತ ತಲೆಯಾಡಿಸಿದಳು. ಚೆನ್ನಾಗಿ, ಎರಡು ಸಲ ಆಡಿಸಿದಳು, ಹಲ್ಲು ಬಿದ್ದ ಜಾಗ ಕಾಣುವಂತೆ ನಕ್ಕಳು. ಅಜ್ಜಿ ಕೈ ಚಾಚಿ ಫೋನ್ ಆರಿಸಿದಳು.

ಪವಿತ್ರ ಕುರ್ಚಿಯಿಂದ ಎದ್ದಳು. ಮುಖ ಅರಳಿತ್ತು. ತಾಯಿಯ ಕಡೆ ತಿರುಗಿ, ಆ ಮನೆಯಲ್ಲಿ ಎಲ್ಲರಿಗೂ ಗೊತ್ತಿರುವ ಎರಡೇ ಎರಡು ಸನ್ನೆ ಮಾಡಿದಳು. ಮಗು. ಬಾ. ಆಮೇಲೆ ನಯನಳ ಹಾಗೆ ತಲೆಯನ್ನು ಎರಡು ಸಲ ಆಡಿಸಿ ತೋರಿಸಿದಳು. ನನ್ನ ಹತ್ತಿರ ಬರುತ್ತೀಯಾ ಅಂತ ಕೇಳಿದೆ, ಹೂಂ ಅಂದಳು.

ಚಿಕ್ಕಗೌರಮ್ಮ ಮಗನ ಮುಖ ನೋಡಿದಳು. ಅರುಣ ನೆಲ ನೋಡಿದ. ಇಲ್ಲ ಅನ್ನುವುದಕ್ಕೆ ಭಾಷೆ ಬೇಕಾಗಿರಲಿಲ್ಲ, ತಲೆ ಅಡ್ಡಡ್ಡ ಆಡಿಸಿದ್ದರೆ ಸಾಕಿತ್ತು. ಅವನು ಆಡಿಸಲಿಲ್ಲ. ಪವಿತ್ರ ಒಳಗೆ ಹೋಗಿ ಟ್ರಂಕು ತೆಗೆದು, ತವರಿಗೆ ಬಂದಾಗ ಹಾಕಲೆಂದು ಇಲ್ಲೇ ಇಟ್ಟಿದ್ದ ಮಗುವಿನ ಬಟ್ಟೆಗಳನ್ನು ಒಂದೊಂದಾಗಿ ಬಿಸಿಲಿಗೆ ಹಾಕತೊಡಗಿದಳು. ಎಲ್ಲವೂ ಮೂರು ವರ್ಷದ ಮಗುವಿನವು.